600 ಅಥವಾ 1000? ಸಿಸಿಗಿಂತ ಮೊದಲು ಆರ್‌ಪಿಎಂ ನೋಡಿ

ಪ್ರಶ್ನೆ: ನಾಲ್ಕು ವರ್ಷದಿಂದ 300 ಸಿಸಿಯ ಎರಡು ಸಿಲಿಂಡರ್ ಬೈಕ್ ಓಡಿಸುತ್ತಿದ್ದೇನೆ. ಈಗ ದೊಡ್ಡ ಸ್ಪೋರ್ಟ್ ಬೈಕ್ ತಗೊಳ್ಳೋಣ ಅಂತಿದ್ದೇನೆ. ನನಗೆ 600 ಸಾಕು ಅನ್ನಿಸುತ್ತದೆ. ಗೆಳೆಯರು ಮಾತ್ರ, "ಆರು ತಿಂಗಳಲ್ಲಿ ಬೇಜಾರಾಗುತ್ತೆ, ಒಂದೇ ಸಲ ಲೀಟರ್ ಬೈಕ್ (1000 ಸಿಸಿ) ತಗೋ, ಆಕ್ಸಿಲರೇಟರ್ ನಿನ್ನ ಕೈಯಲ್ಲೇ ಇರುತ್ತಲ್ವಾ" ಅಂತಾರೆ. ವಾರಕ್ಕೆ ಎರಡು ಮೂರು ದಿನ ಆಫೀಸಿಗೆ ಹೋಗಬೇಕು, ರಜೆಯಲ್ಲಿ ದೂರದ ರೈಡ್ ಮಾಡಬೇಕು. ಟ್ರ್ಯಾಕ್‌ನಲ್ಲೂ ಓಡಿಸಿ ನೋಡುವ ಆಸೆ ಇದೆ. ಹೆಂಡತಿ ಆಗಾಗ ಹಿಂದೆ ಕೂರುತ್ತಾಳೆ. ನನ್ನ ಎತ್ತರ ಐದು ಅಡಿ ಆರು ಇಂಚು. 750 ಒಳ್ಳೆಯ ಮಧ್ಯದ ದಾರಿ ಆಗುತ್ತದಾ? ಸೆಕೆಂಡ್ ಹ್ಯಾಂಡ್ ತಗೊಂಡರೆ ಏನೇನು ನೋಡಬೇಕು?

ಉತ್ತರ: ನೀವು ಹೇಳಿದ ಬಳಕೆಗೆ ನಾಲ್ಕು ಸಿಲಿಂಡರಿನ 600 ಕೂಡ ಬೇಡ, 1000 ಕೂಡ ಬೇಡ. 650ರಿಂದ 900 ಸಿಸಿ ಒಳಗೆ ಎರಡು ಅಥವಾ ಮೂರು ಸಿಲಿಂಡರಿನ ಸ್ಪೋರ್ಟ್ ಬೈಕ್ ನೋಡಿ. ಇಲ್ಲ, ಆ ಎರಡರಲ್ಲೇ ಒಂದು ಹೇಳಿ ಅಂದರೆ 600 ಅಂತೀನಿ. ಆದರೆ ಅದು ಚಿಕ್ಕದು, ಸೌಮ್ಯ ಅನ್ನುವ ಕಾರಣಕ್ಕಲ್ಲ. ಸೌಮ್ಯವಂತೂ ಅಲ್ಲವೇ ಅಲ್ಲ.

ಇಂಥ 600ರ ಎಂಜಿನ್ ರೂಪುಗೊಂಡಿದ್ದು ರಸ್ತೆಗಿಂತ ಹೆಚ್ಚಾಗಿ ರೇಸ್ ನಿಯಮಕ್ಕೆ ತಕ್ಕಂತೆ. ಸೂಪರ್‌ಸ್ಪೋರ್ಟ್ ರೇಸ್‌ನಲ್ಲಿ ನಾಲ್ಕು ಸಿಲಿಂಡರ್ ಬೈಕ್‌ಗಳಿಗೆ 600 ಸಿಸಿ ಮಿತಿ ಇತ್ತು. ಸಿಸಿ ಹೆಚ್ಚಿಸುವಂತಿಲ್ಲ ಅಂದಮೇಲೆ ಶಕ್ತಿ ತೆಗೆಯಲು ಉಳಿದ ದಾರಿ ಒಂದೇ: ಎಂಜಿನ್ನನ್ನು ಇನ್ನೂ ಜೋರಾಗಿ ತಿರುಗಿಸುವುದು. ಹಾಗಾಗಿ ಪಿಸ್ಟನ್ ಅಗಲ ಮಾಡಿದರು, ಅದು ಮೇಲೆ ಕೆಳಗೆ ಓಡುವ ದೂರ ಕಡಿಮೆ ಮಾಡಿದರು. ಹೋಂಡಾ ಸಿಬಿಆರ್600ಆರ್‌ಆರ್‌ನ ಬೋರ್ (ಸಿಲಿಂಡರಿನ ಅಗಲ) 67 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಬರೀ 42.5. ಸುಜುಕಿ ಜಿಎಸ್‌ಎಕ್ಸ್-ಆರ್600ದೂ ಇದೇ ಅಳತೆ. ಇಂಥ ಎಂಜಿನ್‌ಗೆ 14,000 ಆರ್‌ಪಿಎಂ (ನಿಮಿಷಕ್ಕೆ ತಿರುಗುವ ಸುತ್ತು) ಅಂದರೆ ಖುಷಿ, 5,000 ಅಂದರೆ ನಿದ್ದೆ.

ಉದಾಹರಣೆಗೆ 2021ರ ಸಿಬಿಆರ್600ಆರ್‌ಆರ್ ನೋಡಿ. ಗರಿಷ್ಠ ಶಕ್ತಿ 121 ಪಿಎಸ್ (ಹಾರ್ಸ್‌ಪವರ್‌ನಂಥದೇ ಅಳತೆ), ಅದು ಸಿಗೋದು 14,000 ಆರ್‌ಪಿಎಂನಲ್ಲಿ. ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ, 64 ನ್ಯೂಟನ್ ಮೀಟರ್, 11,500ರಲ್ಲಿ. ಈಗ ಪಕ್ಕದಲ್ಲಿ ಯಮಹಾ ಆರ್7 ಇಡಿ. 689 ಸಿಸಿ, ಎರಡೇ ಸಿಲಿಂಡರ್, ಶಕ್ತಿ 73 ಪಿಎಸ್ ಚಿಲ್ಲರೆ. ಕಾಗದದ ಮೇಲೆ ಪಾಪ ಅನ್ನಿಸುತ್ತದೆ. ಆದರೆ ಅದರ ಟಾರ್ಕ್ 67 ನ್ಯೂಟನ್ ಮೀಟರ್, ಅದೂ 6,500ರಲ್ಲೇ. ಲೆಕ್ಕ ಹಾಕಿದರೆ ಆ ಜಾಗದಲ್ಲಿ ಸುಮಾರು 62 ಪಿಎಸ್ ಆಯಿತು. ಅಷ್ಟೇ ಆರ್‌ಪಿಎಂನಲ್ಲಿ 600 ಇನ್ನೂ ಹಿಂದೆ ಇರುತ್ತದೆ. ಹೆದ್ದಾರಿಯಲ್ಲಿ ಲಾರಿ ದಾಟಬೇಕು ಅಂದರೆ ಆರ್7ನಲ್ಲಿ ಕೈ ತಿರುಗಿಸಿದರೆ ಸಾಕು. 600ರಲ್ಲಿ ಎರಡು ಗೇರ್ ಇಳಿಸಬೇಕು.

ಇಷ್ಟು ಹೇಳಿದಮೇಲೆ ನಿಮ್ಮ ಗೆಳೆಯರ ಪರವಾಗಿ ಒಂದು ಮಾತು ಆಡಲೇಬೇಕು. ಮಾಮೂಲಿ ವೇಗದಲ್ಲಿ ಲೀಟರ್ ಬೈಕ್ ಓಡಿಸುವುದು 600ಕ್ಕಿಂತ ಸಲೀಸು. ಆರನೇ ಗೇರ್‌ನಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗಕ್ಕೆ 600 ಬೈಕ್ ಐದೂವರೆ ಸಾವಿರದ ಆಸುಪಾಸು ತಿರುಗುತ್ತಿದ್ದರೆ, ಲೀಟರ್ ಬೈಕ್ ನಾಲ್ಕು, ನಾಲ್ಕೂವರೆ ಸಾವಿರದಲ್ಲಿ ಆರಾಮಾಗಿರುತ್ತದೆ. ಗೇರ್ ಬದಲಾಯಿಸುವ ಗೊಡವೆ ಕಡಿಮೆ. ಬರೀ ಇಷ್ಟೇ ಲೆಕ್ಕ ಆಗಿದ್ದರೆ ನಾನೂ ಲೀಟರ್ ಅಂತಲೇ ಹೇಳುತ್ತಿದ್ದೆ.

ತಕರಾರು ಇರೋದು "ಆಕ್ಸಿಲರೇಟರ್ ನಿನ್ನ ಕೈಯಲ್ಲೇ ಇರುತ್ತಲ್ವಾ" ಅನ್ನುವ ಮಾತಿನಲ್ಲಿ. ಕೈ ನಮ್ಮದೇ, ನಿಜ. ಆದರೆ ಕೈ ಯಾವಾಗಲೂ ನಾವು ಹೇಳಿದಂತೆ ಕೇಳುವುದಿಲ್ಲ. ರಸ್ತೆಯ ಹಂಪ್ ಮೇಲೆ ಮೈ ಎಗರಿದಾಗ ಮಣಿಕಟ್ಟು ತಾನಾಗಿ ತಿರುಗುತ್ತದೆ. ತಿರುವಿನ ಮಧ್ಯೆ ಗಾಬರಿಯಾದಾಗ ಹಿಡಿ ಬಿಗಿಯಾಗುತ್ತದೆ. 300ರಲ್ಲಿ ಅಂಥ ತಪ್ಪು ಬೈಕಿಗೆ ಗೊತ್ತೇ ಆಗುವುದಿಲ್ಲ. 600ರಲ್ಲಿ ಕೆಳಗಿನ ಆರ್‌ಪಿಎಂನಲ್ಲಿದ್ದರೆ ಅದೂ ಬಹಳಷ್ಟು ಸಲ ಕ್ಷಮಿಸಿಬಿಡುತ್ತದೆ. ಕೆಳಗಡೆ ಮಂದವಾಗಿರುವುದು ಇಲ್ಲಿ ಉಪಕಾರಕ್ಕೇ ಬಂತು ನೋಡಿ. ಲೀಟರ್ ಬೈಕ್ ಯಾವ ಆರ್‌ಪಿಎಂನಲ್ಲಿದ್ದರೂ ಕೇಳಿದ ತಕ್ಷಣ ಕೊಡುತ್ತದೆ. ನೀವು ಕೇಳಿದ್ದು ಬೇಕು ಅಂತಲೋ, ಕೈತಪ್ಪಿಯೋ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ಮುಟ್ಟುವುದರಲ್ಲಿ 600ಕ್ಕೂ 1000ಕ್ಕೂ ಅಂಥ ವ್ಯತ್ಯಾಸವಿಲ್ಲ. ಎರಡೂ ಸುಮಾರು ಮೂರು ಸೆಕೆಂಡಿನ ಆಸುಪಾಸು. ಅಲ್ಲಿ ತಡೆಯುವುದು ಎಂಜಿನ್ ಅಲ್ಲ, ಮುಂದಿನ ಚಕ್ರ. ಇನ್ನೂ ಶಕ್ತಿ ಕೊಟ್ಟರೆ ಅದು ಮೇಲೇಳುತ್ತದೆ, ಅಷ್ಟೇ. ಲೀಟರ್ ಬೈಕಿನ ಮಹಿಮೆ ಶುರುವಾಗೋದೇ ನೂರರ ಮೇಲೆ. ಅಂದರೆ ನೀವು ಕೊಡುವ ಹೆಚ್ಚುವರಿ ಹಣವೆಲ್ಲ ಹೋಗುವುದು ರಸ್ತೆಯಲ್ಲಿ ಬಳಸಬಾರದ ವೇಗಕ್ಕೆ. 600 ಮೊದಲ ಗೇರ್‌ನಲ್ಲೇ ನೂರು ದಾಟುತ್ತದೆ. ಲೀಟರ್ ಬೈಕ್ ಮೊದಲ ಗೇರ್‌ನಲ್ಲೇ 130ನ್ನೂ ದಾಟುತ್ತದೆ. ಮಿಕ್ಕ ಐದು ಗೇರ್ ಯಾವ ರಸ್ತೆಗೆ ಅಂತ ಕೇಳಬೇಕಾಗುತ್ತದೆ.

ಆ ವೇಗಕ್ಕೆ ಏರುವುದು ಕಣ್ಣು ಮಿಟುಕಿಸುವಷ್ಟರಲ್ಲಿ, ಸದ್ದಿಲ್ಲದೆ ಆಗಿಬಿಡುತ್ತದೆ. ಇಳಿಯುವುದು ಹಾಗಲ್ಲ. ಒಣ ರಸ್ತೆ, ಒಳ್ಳೆಯ ಟೈರ್, ಚೆನ್ನಾಗಿ ಬ್ರೇಕ್ ಹಿಡಿಯುವ ಸವಾರ, ಎಲ್ಲ ಇದ್ದರೂ 100ರಿಂದ ನಿಲ್ಲಲು ಬ್ರೇಕ್ ಹಿಡಿದ ಮೇಲೆ 43 ಮೀಟರ್ ಹತ್ತಿರ ಬೇಕು. 140ರಿಂದ ನಿಲ್ಲಲು 84 ಮೀಟರ್. ಕಂಡು, ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಹೋಯಿತು ಅಂದುಕೊಳ್ಳಿ. ಒಟ್ಟು 71 ಮತ್ತು 123 ಮೀಟರ್ ಆಯಿತು. ಲೀಟರ್ ಬೈಕಿನ ಬ್ರೇಕ್ ಎಷ್ಟೇ ದುಬಾರಿಯದ್ದಾದರೂ ಈ ಲೆಕ್ಕ ಬದಲಾಗಲ್ಲ. ಅಲ್ಲೂ ಮಿತಿ ಹಾಕುವುದು ಟೈರಿನ ಹಿಡಿತ ಮತ್ತು ಮೇಲೇಳುವ ಹಿಂದಿನ ಚಕ್ರ.

ಈಗ ಎಲೆಕ್ಟ್ರಾನಿಕ್ಸ್. "ಟ್ರ್ಯಾಕ್ಷನ್ ಕಂಟ್ರೋಲ್ ಇದೆ, ರೈನ್ ಮೋಡ್ ಇದೆ, ಭಯ ಯಾಕೆ" ಅನ್ನುವುದು ಲೀಟರ್ ಬೈಕ್ ಪರವಾದ ಗಟ್ಟಿ ವಾದ. ಅದನ್ನು ತಳ್ಳಿಹಾಕಲ್ಲ. 2015ರ ಯಮಹಾ ಆರ್1 (ಲೀಟರ್ ಬೈಕ್) ಬಂದಾಗಿನಿಂದ ದೊಡ್ಡ ಬೈಕ್‌ಗಳಲ್ಲಿ ಆರು ಅಕ್ಷದ ಐಎಂಯು ಮಾಮೂಲಾಗುತ್ತಾ ಬಂತು. ಬೈಕ್ ಎಷ್ಟು ವಾಲಿದೆ, ಮೂಗು ಎಷ್ಟು ಎದ್ದಿದೆ ಅಂತ ಅಳೆದು, ಅದಕ್ಕೆ ತಕ್ಕಂತೆ ಶಕ್ತಿ ಮತ್ತು ಬ್ರೇಕ್ ಸರಿಮಾಡುವ ಸೆನ್ಸರ್ ಅದು. 600ರಲ್ಲಿ ಅದು ತಡವಾಗಿ ಬಂತು. ಸಿಬಿಆರ್600ಆರ್‌ಆರ್‌ಗೆ ಸಿಕ್ಕಿದ್ದು 2021ರ ಮಾದರಿಯಲ್ಲಿ. ಅದಕ್ಕೂ ಹಳೆಯ ಎಷ್ಟೋ 600 ಬೈಕ್‌ಗಳಲ್ಲಿ ಟ್ರ್ಯಾಕ್ಷನ್ ಕಂಟ್ರೋಲೇ ಇಲ್ಲ, ಕೆಲವದರಲ್ಲಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೂಡ ಇಲ್ಲ. ಹಾಗಾಗಿ 2008ರ 600 ಒಂದು ಕಡೆ, 2020ರ ಲೀಟರ್ ಬೈಕ್ ಇನ್ನೊಂದು ಕಡೆ ಅಂದರೆ ಸಿಸಿ ಒಂದನ್ನೇ ನೋಡಿ ಯಾವುದು ಸುರಕ್ಷಿತ ಅಂತ ಹೇಳಲಾಗದು. ಆದರೆ ಒಂದು ಮಾತು ನೆನಪಿರಲಿ. ಜಾರುವ ಚಕ್ರವನ್ನು ಟ್ರ್ಯಾಕ್ಷನ್ ಕಂಟ್ರೋಲ್ ಹಿಡಿಯುತ್ತದೆ, ತಿರುವಿಗೆ ಅತಿ ವೇಗದಲ್ಲಿ ನುಗ್ಗುವ ಸವಾರನನ್ನು ಹಿಡಿಯುವುದಿಲ್ಲ. ಹೊಸಬರ ಪಾಡು ಹೆಚ್ಚಾಗಿ ಕೆಡುವುದು ಎರಡನೆಯದರಲ್ಲೇ.

ತಿರುವಿನ ವಿಷಯಕ್ಕೆ ಬಂದರೆ 600 ನಿಜಕ್ಕೂ ಮಜಾ. ತೂಕದಲ್ಲಿ ದೊಡ್ಡ ಅಂತರ ಏನಿಲ್ಲ. ಸಿಬಿಆರ್600ಆರ್‌ಆರ್ 194 ಕೆಜಿ, 2020ರ ಸಿಬಿಆರ್1000ಆರ್‌ಆರ್-ಆರ್ 201 ಕೆಜಿ. ಓಡಿಸುವಾಗ ಮಾತ್ರ ಏಳು ಕೆಜಿಗಿಂತ ಜಾಸ್ತಿ ಅನ್ನಿಸುತ್ತದೆ. ದೊಡ್ಡ ಎಂಜಿನ್ ಒಳಗೆ ತಿರುಗುವ ಭಾಗಗಳು ಭಾರ. ಅವು ತಿರುಗುತ್ತಿರುವಾಗ ಬೈಕನ್ನು ವಾಲಿಸಲು ಹೆಚ್ಚು ತಳ್ಳಬೇಕು. ಹಿಂದಿನ ಟೈರ್ ಕೂಡ ಅಗಲ. 600ರಲ್ಲಿ 180, ಲೀಟರಿನಲ್ಲಿ 190 ಅಥವಾ 200. ಅಗಲದ ಟೈರ್ ಇದ್ದರೆ ಅದೇ ತಿರುವಿಗೆ, ಅದೇ ವೇಗಕ್ಕೆ ಬೈಕ್ ಸ್ವಲ್ಪ ಹೆಚ್ಚೇ ವಾಲಬೇಕು. ಎಡಕ್ಕೆ ಬಲಕ್ಕೆ ಬೇಗ ಬೇಗ ತಿರುಗುವ ದಾರಿಯಲ್ಲಿ ಈ ಫರಕು ಚೆನ್ನಾಗಿ ಗೊತ್ತಾಗುತ್ತದೆ. ಟ್ರ್ಯಾಕ್‌ನಲ್ಲೂ ಅಷ್ಟೇ. 600ರಲ್ಲಿ ತಿರುವಿನ ವೇಗ ಉಳಿಸಿಕೊಳ್ಳುವುದನ್ನು ಕಲಿಯಲೇಬೇಕು, ಇಲ್ಲಾಂದ್ರೆ ನೇರದಾರಿಯಲ್ಲಿ ಎಲ್ಲರೂ ದಾಟಿ ಹೋಗುತ್ತಾರೆ. ಲೀಟರ್ ಬೈಕ್ ಇದ್ದವರು ತಿರುವಿನಲ್ಲಿ ಕಳೆದುಕೊಂಡಿದ್ದನ್ನು ನೇರದಾರಿಯಲ್ಲಿ ಆಕ್ಸಿಲರೇಟರ್ ತಿರುಗಿಸಿ ಹಿಂದಕ್ಕೆ ಪಡೆಯುತ್ತಾರೆ. ಹಾಗಾಗಿ ತಿರುವು ಕಲಿಯದೆಯೇ ವರ್ಷಗಳು ಕಳೆದುಹೋಗುತ್ತವೆ. ಟ್ರ್ಯಾಕ್ ಆಸೆ ಇರುವವರಿಗೆ ನಾನು 600 ಹೇಳುವುದು ಇದೇ ಕಾರಣಕ್ಕೆ.

"ಆರು ತಿಂಗಳಲ್ಲಿ ಬೇಜಾರು" ಅನ್ನುವವರು ಸಾಮಾನ್ಯವಾಗಿ 600ನ್ನು 8,000ದ ಕೆಳಗೇ ಓಡಿಸಿರುತ್ತಾರೆ. ಅಲ್ಲಿ ಬೇಜಾರಾಗೋದು ಸಹಜವೇ. ಅದರ ನಿಜವಾದ ರುಚಿ 10,000ದ ಮೇಲೆ. ಆದರೆ ರಸ್ತೆಯಲ್ಲಿ ಅಲ್ಲಿಗೆ ಹೋಗಲು ಒಂದನೇ ಅಥವಾ ಎರಡನೇ ಗೇರ್‌ನಲ್ಲಿ ಕಿರುಚಿಸಿಕೊಂಡು ಹೋಗಬೇಕು, ಅಷ್ಟರಲ್ಲಿ ವೇಗ ಮಿತಿ ಮೀರಿರುತ್ತದೆ. ಈ ಸಂಕಟಕ್ಕೇ ನಾನು ಮೊದಲು ಹೇಳಿದ ಎರಡು, ಮೂರು ಸಿಲಿಂಡರ್ ಬೈಕ್‌ಗಳತ್ತ ಕೈ ತೋರಿಸಿದ್ದು.

ಆಫೀಸಿನ ಓಡಾಟಕ್ಕೆ ಬರೋಣ. ಈ ರೇಸ್ ತಳಿಯ ಬೈಕ್‌ಗಳಲ್ಲಿ ಹ್ಯಾಂಡಲ್ ತೀರಾ ಕೆಳಗೆ ಇರುತ್ತದೆ, ಕಾಲಿಡುವ ಜಾಗ ಮೇಲೆ, ಹಿಂದೆ. ವೇಗದಲ್ಲಿದ್ದಾಗ ಎದೆಗೆ ಬಡಿಯುವ ಗಾಳಿ ಮೈಯ ಭಾರ ಎತ್ತಿಹಿಡಿಯುತ್ತದೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವಾಗ ಆ ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಅದರ ಮೇಲೆ ಎಂಜಿನ್ ಬಿಸಿ. ದೊಡ್ಡ ಎಂಜಿನ್ ಅಂದರೆ ಜಾಸ್ತಿ ಬಿಸಿ. ಫ್ಯಾನ್ ತಿರುಗಲು ಶುರುವಾದರೆ ತೊಡೆ ಸುಡುತ್ತದೆ. ಲೀಟರ್ ಬೈಕ್‌ಗಳ ಮೊದಲ ಗೇರ್ ಉದ್ದವಿರುವುದರಿಂದ ತೆವಳುವ ವೇಗದಲ್ಲಿ ಅರ್ಧ ಕ್ಲಚ್ ಹಿಡಿದುಕೊಂಡೇ ಇರಬೇಕಾಗುತ್ತದೆ. ಯಾವ ಮೋಡ್ ಹಾಕಿದರೂ ಗೇರ್ ಉದ್ದ ಕಡಿಮೆಯಾಗಲ್ಲ.

ನಿಮ್ಮ ಎತ್ತರಕ್ಕೆ ಸೀಟಿನ ಎತ್ತರವೂ ಮುಖ್ಯ. ಯಮಹಾದ 600 ಆದ ಆರ್6ರದ್ದು 850 ಮಿಲಿಮೀಟರ್, ಆರ್7ದು 835, ಸಿಬಿಆರ್600ಆರ್‌ಆರ್ ಮತ್ತು ಎಪ್ರಿಲಿಯಾ ಆರ್‌ಎಸ್ 660ಯದ್ದು 820, ಸುಜುಕಿ ಜಿಎಸ್‌ಎಕ್ಸ್-ಆರ್ 600 ಮತ್ತು 750ಯದ್ದು 810. ಈ ಅಂಕಿ ನೋಡಿ ತೀರ್ಮಾನ ಮಾಡಬೇಡಿ, ಸೀಟಿನ ಅಗಲವೂ ಲೆಕ್ಕಕ್ಕೆ ಬರುತ್ತದೆ. ರೈಡಿಂಗ್ ಬೂಟ್ ಹಾಕಿಕೊಂಡು ಕೂತು, ಬೈಕನ್ನು ಕಾಲಿನಿಂದ ಹಿಂದಕ್ಕೆ ತಳ್ಳಿ ನೋಡಿ. ಅದು ಸುಲಭ ಆಯಿತಾ? ಹಾಗಾದರೆ ಎತ್ತರದ ಚಿಂತೆ ಬಿಡಿ.

ಹಿಂದೆ ಕೂರುವವರ ಬಗ್ಗೆ ಸುಮ್ನೆ ಸಮಾಧಾನ ಹೇಳಲ್ಲ. 600 ಆಗಲಿ 1000 ಆಗಲಿ, ಹಿಂದಿನ ಸೀಟು ಇರುವುದು ಹೆಸರಿಗೆ. ಅಂಗೈಯಗಲ, ಎತ್ತರ, ಹಿಡಿಯಲು ಏನೂ ಇಲ್ಲ. ನೀವು ಬ್ರೇಕ್ ಹಿಡಿದಾಗಲೆಲ್ಲ ಅವರ ಭಾರ ನಿಮ್ಮ ಬೆನ್ನ ಮೇಲೆ, ಅಲ್ಲಿಂದ ನಿಮ್ಮ ಕೈ ಮೇಲೆ. ಖರೀದಿಗೆ ಮೊದಲು ಹೆಂಡತಿಯನ್ನೂ ಕರೆದುಕೊಂಡು ಹೋಗಿ ಕೂರಿಸಿ. ಅರ್ಧ ತೀರ್ಮಾನ ಅಲ್ಲೇ ಆಗಿಬಿಡುತ್ತದೆ.

ಖರ್ಚು? ಎಲ್ಲದರಲ್ಲೂ ಲೀಟರ್ ಬೈಕ್ ಮೇಲೆ. ಹಿಂದಿನ ಟೈರ್ ದುಬಾರಿ, ಬೇಗ ಸವೆಯುತ್ತದೆ. ಇನ್ಶೂರೆನ್ಸ್ ಹೆಚ್ಚು. ಮೈಲೇಜ್ ಆರ್1ರಲ್ಲಿ ಲೀಟರಿಗೆ 14ರ ಹತ್ತಿರ, ಆರ್6ರಲ್ಲಿ 15, ಆರ್7ನಲ್ಲಿ 24ರ ಹತ್ತಿರ. 600ಕ್ಕೂ 1000ಕ್ಕೂ ಹೆಚ್ಚು ಫರಕಿಲ್ಲ, ಎರಡು ಸಿಲಿಂಡರಿಗೆ ಬಂದರೆ ಇದೆ.

ಹಾಗಾದರೆ ಲೀಟರ್ ಬೈಕ್ ಯಾರಿಗೆ? ದೊಡ್ಡ ಬೈಕ್ ಓಡಿಸಿ ಪಳಗಿದವರಿಗೆ. ಟ್ರ್ಯಾಕ್‌ಗೆ ಪದೇ ಪದೇ ಹೋಗುವವರಿಗೆ, ಅದರಲ್ಲೂ ಉದ್ದ ನೇರದಾರಿಯ ಟ್ರ್ಯಾಕ್ ಇದ್ದರೆ. ಮೈಕಟ್ಟು ದೊಡ್ಡದಿದ್ದು ಚಿಕ್ಕ ಬೈಕ್ ಮೇಲೆ ಮಡಚಿ ಕೂರಲಾಗದವರಿಗೆ. ಮತ್ತೆ, ಬೇಕು ಅನ್ನಿಸಿದೆ, ಅಷ್ಟೇ ಅನ್ನುವವರಿಗೆ. ಅದೂ ಒಂದು ಕಾರಣವೇ, ಅದಕ್ಕೆ ಯಾರೂ ನಾಚಿಕೊಳ್ಳಬೇಕಿಲ್ಲ. 300ರಿಂದ ನೇರ ಜಿಗಿಯುವವರು ಮಾತ್ರ ಸ್ವಲ್ಪ ತಡೆಯಲಿ ಅನ್ನುತ್ತೇನೆ.

750ಯ ಬಗ್ಗೆ ಕೇಳಿದಿರಿ. ಇದರ ಕಥೆ ಚೆನ್ನಾಗಿದೆ. 1985ರಲ್ಲಿ ಸುಜುಕಿ ಜಿಎಸ್‌ಎಕ್ಸ್-ಆರ್750 ಬಂತು. 1988ರಲ್ಲಿ ವಿಶ್ವ ಸೂಪರ್‌ಬೈಕ್ ರೇಸ್ ಶುರುವಾದಾಗ ನಾಲ್ಕು ಸಿಲಿಂಡರ್‌ಗೆ 750 ಸಿಸಿಯೇ ಮಿತಿ. ಜಪಾನಿನ ದೊಡ್ಡ ಕಂಪನಿಗಳೆಲ್ಲ 750 ಮಾಡುತ್ತಿದ್ದವು. 2003ರಲ್ಲಿ ನಿಯಮ ಬದಲಾಗಿ 1000 ಸಿಸಿ ನಾಲ್ಕು ಸಿಲಿಂಡರ್ ಬೈಕ್‌ಗಳು ಒಳಗೆ ಬಂದವು. 750ಗೆ ಓಡಲು ರೇಸೇ ಇಲ್ಲವಾಯಿತು. ಉಳಿದ ಕಂಪನಿಗಳು ಕೈಬಿಟ್ಟವು, ಸುಜುಕಿ ಮಾತ್ರ ಬಿಡಲಿಲ್ಲ. 2011ರಿಂದ ಬಂದ ಮಾದರಿ 150 ಪಿಎಸ್, 190 ಕೆಜಿ. ತನ್ನದೇ ಕಂಪನಿಯ 600ಕ್ಕಿಂತ ಬರೀ ಮೂರು ಕೆಜಿ ಹೆಚ್ಚು. ನಡುವಿನ ಆರ್‌ಪಿಎಂನಲ್ಲಿ 600ಕ್ಕಿಂತ ಚೆನ್ನಾಗಿ ಎಳೆಯುತ್ತದೆ. ನಾಲ್ಕು ಸಿಲಿಂಡರೇ ಬೇಕು ಅಂತ ಹಟ ಇದ್ದರೆ ನನಗೆ ಇಷ್ಟವಾದ ರಾಜಿ ಇದು. ಎಲೆಕ್ಟ್ರಾನಿಕ್ಸ್ ಮಾತ್ರ ಹಳೆಯ ಕಾಲದ್ದು. ಕವಾಸಕಿ ಝಡ್‌ಎಕ್ಸ್-6ಆರ್ ಕೂಡ ಇದೇ ದಾರಿಯಲ್ಲಿ ಅರ್ಧ ಹೆಜ್ಜೆ ಹಾಕಿದೆ. ರೇಸ್ ಮಿತಿ ಬದಿಗಿಟ್ಟು ಸ್ಟ್ರೋಕ್ 45.1 ಮಿಲಿಮೀಟರ್‌ಗೆ ಏರಿಸಿ 636 ಸಿಸಿ ಮಾಡಿದರು. ಆ 37 ಸಿಸಿ ರಸ್ತೆಯಲ್ಲಿ ಕೈಗೆ ಗೊತ್ತಾಗುತ್ತದೆ.

ಹೊಗೆ ನಿಯಮಗಳೂ ಈ ವರ್ಗವನ್ನು ಹಿಂಡಿವೆ. ಅತಿ ವೇಗವಾಗಿ ತಿರುಗುವ ಎಂಜಿನ್‌ನಲ್ಲಿ ಇನ್‌ಟೇಕ್ ಮತ್ತು ಎಕ್ಸಾಸ್ಟ್ ವಾಲ್ವ್‌ಗಳು ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರಬೇಕು. ನಿಧಾನಕ್ಕೆ ಓಡುವಾಗ ಆ ಸಂದಿಯಲ್ಲಿ ಉರಿಯದ ಪೆಟ್ರೋಲ್ ಹೊರಗೆ ಹೋಗುತ್ತದೆ. ಯುರೋಪಿನಲ್ಲಿ ಯೂರೋ 5 ಅನ್ನುವ ಹೊಗೆ ನಿಯಮ ಬಂದಾಗ ರಸ್ತೆಯ ಆರ್6 2020ಕ್ಕೆ ನಿಂತಿತು. 2025ರಿಂದ ಅಲ್ಲಿ ಆರ್1 ಕೂಡ ಟ್ರ್ಯಾಕ್‌ಗೆ ಮಾತ್ರ. ಕಂಪನಿಗಳ ಗಮನವೂ ಮಧ್ಯದ ಟಾರ್ಕ್‌ನತ್ತ ತಿರುಗಿತು. ಹಾಗೆ ಬಂದವೇ ಇವು: ಎಪ್ರಿಲಿಯಾ ಆರ್‌ಎಸ್ 660, ಬಂದಾಗ ನೂರು ಪಿಎಸ್, 183 ಕೆಜಿ. ಸುಜುಕಿ ಜಿಎಸ್‌ಎಕ್ಸ್-8ಆರ್, 776 ಸಿಸಿ, ಕೂರಲು ಆರಾಮ, ತೂಕ ಸ್ವಲ್ಪ ಜಾಸ್ತಿ, 205 ಕೆಜಿ. ಯಮಹಾ ಆರ್9, ಮೂರು ಸಿಲಿಂಡರ್, 890 ಸಿಸಿ, 119 ಪಿಎಸ್, 93 ನ್ಯೂಟನ್ ಮೀಟರ್, 195 ಕೆಜಿ. ಡುಕಾಟಿ ಕೂಡ 2025ರ ಪನಿಗಾಲೆ ವಿ2ರ ಶಕ್ತಿಯನ್ನು 155ರಿಂದ 120 ಪಿಎಸ್‌ಗೆ ಇಳಿಸಿ, ತೂಕವನ್ನೂ ಇಳಿಸಿತು. ನಿಮಗೆ ನನ್ನ ಮೊದಲ ಆಯ್ಕೆ ಆರ್‌ಎಸ್ 660 ಅಥವಾ ಜಿಎಸ್‌ಎಕ್ಸ್-8ಆರ್. ಹಿಂದೆ ಕೂರುವವರು ನಿಜಕ್ಕೂ ಆಗಾಗ ಬರುವುದಾದರೆ 8ಆರ್. ಆರ್9 ಇವೆರಡಕ್ಕಿಂತ ಚುರುಕು, ಸೀಟು ಮತ್ತು ಹ್ಯಾಂಡಲ್ ಹೊಂದುತ್ತದಾ ಅಂತ ಕೂತು ನೋಡಿ.

ಸೆಕೆಂಡ್ ಹ್ಯಾಂಡ್ ನೋಡುವಾಗ ಕಿಲೋಮೀಟರ್ ಅಂಕಿ ಕೊನೆಗೆ ನೋಡಿ. ಮೊದಲು ಹ್ಯಾಂಡಲ್ ಪೂರ್ತಿ ತಿರುಗಿಸಿ, ಅದು ನಿಲ್ಲುವ ಜಾಗದಲ್ಲಿ ಫ್ರೇಮಿನ ಲೋಹ ಜಜ್ಜಿಹೋಗಿದೆಯಾ ನೋಡಿ. ಜಜ್ಜಿದ್ದರೆ ಬೈಕ್ ಜೋರಾಗಿ ಬಿದ್ದಿದೆ. ಹೊರಗಿನ ಪ್ಲಾಸ್ಟಿಕ್ ಹೊದಿಕೆ, ಅಂದರೆ ಫೇರಿಂಗ್, ಹೊಸದಾಗಿ ಹೊಳೆಯುತ್ತಿದ್ದರೆ ಅನುಮಾನ ಇನ್ನೂ ಜಾಸ್ತಿ ಇರಲಿ. ಆಯಿಲ್ ಡ್ರೈನ್ ಬೋಲ್ಟ್, ಬ್ರೇಕ್ ಕ್ಯಾಲಿಪರ್ ಬೋಲ್ಟ್‌ಗಳ ತಲೆಯಲ್ಲಿ ಸಣ್ಣ ತೂತು ಕೊರೆದಿದ್ದರೆ ಅದು ರೇಸ್ ಅಥವಾ ಟ್ರ್ಯಾಕ್ ಓಡಿದ ಬೈಕ್ ಇರಬಹುದು. ಬೋಲ್ಟ್ ಕಳಚಿಕೊಳ್ಳದಿರಲಿ ಅಂತ ಆ ತೂತಿಗೆ ತಂತಿ ಕಟ್ಟಿರುತ್ತಾರೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿಯ ತಾರೀಕು ಇರುತ್ತದೆ. 3219 ಅಂದರೆ 2019ರ 32ನೇ ವಾರ. ಗೆರೆಗಳು ಸವೆಯದಿದ್ದರೂ ಹಳೆಯ ಟೈರ್ ಹಿಡಿತ ಕಳೆದುಕೊಂಡಿರುತ್ತದೆ, ಅದರ ಬೆಲೆ ಕಳೆದು ಮಾತಾಡಿ. ವಾಲ್ವ್ ಕ್ಲಿಯರೆನ್ಸ್ (ವಾಲ್ವ್‌ಗಳ ಬಳಿ ಇರಬೇಕಾದ ಸಣ್ಣ ಸಂದಿ) ಚೆಕ್ ಆಗಿದೆಯಾ ಕೇಳಿ, ಬಿಲ್ ಕೇಳಿ. ಫೇರಿಂಗ್, ಟ್ಯಾಂಕ್ ಎಲ್ಲ ಬಿಚ್ಚಿ ಮಾಡುವ ಕೆಲಸ ಅದು, ಎಷ್ಟೋ ಜನ ಮಾಡಿಸದೇ ಮಾರಿಬಿಡುತ್ತಾರೆ.

ನೀವು ಹೋಗುವ ಹೊತ್ತಿಗೆ ಎಂಜಿನ್ ತಣ್ಣಗಿರಬೇಕು ಅಂತ ಮೊದಲೇ ಹೇಳಿ, ಹೋದ ತಕ್ಷಣ ಎಂಜಿನ್ ಮುಟ್ಟಿ ನೋಡಿ. ಓಡಿಸಲು ಬಿಟ್ಟರೆ ಎರಡನೇ ಗೇರ್‌ನಲ್ಲಿ, ಖಾಲಿ ರಸ್ತೆ ನೋಡಿಕೊಂಡು, ಸ್ವಲ್ಪ ಜೋರಾಗಿ ಎಳೆಯಿರಿ. ಗೇರ್ ತಾನಾಗಿ ಕಳಚಿಕೊಂಡರೆ, ಮುಂದಿನ ಚಕ್ರ ಎತ್ತಿ ವೀಲಿ ಹೊಡೆದು ಇಳಿಸಿ, ಒರಟಾಗಿ ಗೇರ್ ಹಾಕಿ ಹಾಳು ಮಾಡಿದ ಬೈಕ್ ಇರಬಹುದು. ಅದನ್ನು ಸರಿಮಾಡಲು ಎಂಜಿನ್ ಕೆಳಗಿಳಿಸಬೇಕಾಗುತ್ತದೆ. ಬೆಲೆ ಎಷ್ಟೇ ಇಳಿಸಿದರೂ ಅಂಥದ್ದನ್ನು ತಗೊಳ್ಳಬೇಡಿ.